ಮಣ್ಣಿನ ಹದ, ಬೆಳಕಿನ ಹೊತ್ತು

ಬಿ.ಎಫ್.ಎ. ಓದುವ ಕಲಾ ವಿದ್ಯಾರ್ಥಿಗೆ ಮೂರು ವೇಳಾಪಟ್ಟಿಗಳಿರುತ್ತವೆ. ಒಂದು ಕಾಲೇಜಿನ ನೋಟಿಸ್ ಬೋರ್ಡಿನದು: ಹತ್ತಕ್ಕೆ ಹಾಜರಿ, ಒಂದೂವರೆಗೆ ಊಟ, ಐದಕ್ಕೆ ಬಿಡುಗಡೆ. ಎರಡನೆಯದು ಮಣ್ಣಿನದು, ಮೂರನೆಯದು ಸೂರ್ಯನದು. ಮೊದಲನೆಯದರ ಕೆಳಗೆ ಪ್ರಾಂಶುಪಾಲರ ಸಹಿಯಿದೆ. ಉಳಿದೆರಡಕ್ಕೆ ಸಹಿಯೂ ಇಲ್ಲ, ಮೊಹರೂ ಇಲ್ಲ, ಆದರೆ ನಡೆಯುವುದು ಅವುಗಳ ಮಾತೇ. ಹಸಿ ಮಡಕೆಯ ಬುಡ ಕೆತ್ತುವ ಹದ ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಹೂವಿನ ಮಾರುಕಟ್ಟೆಯ ಮೇಲೆ ಒಳ್ಳೆಯ ಬೆಳಕು ಬೆಳಗ್ಗೆ ಆರೂವರೆಗೆ ಬೀಳುತ್ತದೆ. ಈ ಎರಡರ ನಡುವೆ ನಿದ್ದೆ ಮುಗಿಸಿ, ಹತ್ತಕ್ಕೆ ಕಲೆಯ ಇತಿಹಾಸದ ತರಗತಿಯಲ್ಲಿ ಎಚ್ಚರವಾಗಿ ಕೂರಬೇಕು. ಆ ತರಗತಿಯಲ್ಲಿ ದೀಪ ಆರಿಸಿ ಅಜಂತಾದ ಸ್ಲೈಡು ತೋರಿಸುತ್ತಾರೆ ಎಂಬುದು ಇನ್ನೊಂದು ಕಷ್ಟ. ಕಲಾ ವಿದ್ಯಾರ್ಥಿಗಳ ಮೇಲೆ ಮನೆಯವರಿಗೆ, ನೆರೆಮನೆಯವರಿಗೆ, ಹಾಸ್ಟೆಲ್ ವಾರ್ಡನ್‌ಗೆ ಇರುವ ದೂರುಗಳಲ್ಲಿ ಬಹುಪಾಲು ಈ ಮೂರು ವೇಳಾಪಟ್ಟಿಗಳ ಜಗಳದಿಂದಲೇ ಹುಟ್ಟಿದವು.

ಕರ್ನಾಟಕದಲ್ಲಿ ಈ ಓದಿಗೆ ಹಳೆಯ ನೆಲೆಗಳಿವೆ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಬಿತ್ತು. ಅದರಿಂದಲೇ ಮುಂದೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರ ಬಾಯಲ್ಲಿರುವ ‘ಕಾವಾ’, ರೂಪುಗೊಂಡಿತು. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರದು. ದಾವಣಗೆರೆಯ ದೃಶ್ಯಕಲಾ ಕಾಲೇಜು 1964ರದು. ಬೆಂಗಳೂರಿನಲ್ಲಿ ಆರ್.ಎಂ. ಹಡಪದ ಅವರು ಕಟ್ಟಿದ ಕೆನ್ ಕಲಾಶಾಲೆ, ಧಾರವಾಡ, ಗದಗ, ಕಲಬುರಗಿಗಳ ಕಲಾಶಾಲೆಗಳು ಬೇರೆ. ಊರು ಯಾವುದೇ ಇರಲಿ, ಸೇರುವ ದಿನ ಮನೆಯಲ್ಲಿ ಏಳುವ ಪ್ರಶ್ನೆ ಮಾತ್ರ ಒಂದೇ: ‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ?’ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಿದ್ದ ಮಗ ಕುಂಚ ಹಿಡಿದರೆ ಈ ಪ್ರಶ್ನೆಯನ್ನು ಸೋದರಮಾವನೂ ಕೇಳುತ್ತಾನೆ. ಮುಂದೆ ಮಣ್ಣು ಕಲಸುವ ತರಗತಿಗೂ ಫೀಸಿದೆ ಎಂದು ತಿಳಿದಾಗ ಅಪ್ಪನಿಂದ ಉಪಪ್ರಶ್ನೆ ಬರುತ್ತದೆ. ‘ಅದನ್ನ ನಮ್ಮ ಹೊಲದಲ್ಲಿ ಪುಕ್ಕಟೆ ಮಾಡಬಹುದಿತ್ತಲ್ಲ?’

ಪದವಿಯ ಅವಧಿ ನಾಲ್ಕು ವರ್ಷ. ಮೊದಲ ಹಂತ ಫೌಂಡೇಶನ್. ಅಲ್ಲಿ ಎಲ್ಲರೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟುತ್ತಾರೆ. ಆಮೇಲೆ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಎಂದು ದಾರಿಗಳು ಕವಲೊಡೆಯುತ್ತವೆ. ಫೌಂಡೇಶನ್ನಿನ ಮುಖ್ಯ ಪಾಠ ಸ್ಟಿಲ್ ಲೈಫ್: ಮೇಜಿನ ಮೇಲೆ ಒಂದು ಹಿತ್ತಾಳೆ ಚೊಂಬು, ಮಡಿಕೆ ಬಿದ್ದ ಬಟ್ಟೆ, ನಾಲ್ಕು ಬದನೆಕಾಯಿ, ಒಂದು ಚಿಪ್ಪು ಬಾಳೆಹಣ್ಣು. ಸೋಮವಾರ ಹಳದಿಯಾಗಿದ್ದ ಬಾಳೆಹಣ್ಣು ಗುರುವಾರದ ಹೊತ್ತಿಗೆ ಕಪ್ಪಾಗುವುದರಿಂದ ಬಣ್ಣವನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಶುಕ್ರವಾರದ ಚಿತ್ರಗಳಲ್ಲಿ ಬಾಳೆಹಣ್ಣು ಕಾಣೆಯಾಗಿ ಬರೀ ಸಿಪ್ಪೆ ಇದ್ದರೆ ಅದು ಶೈಲಿಯಲ್ಲ, ವಾಸ್ತವವಾದ. ಬದನೆಕಾಯಿಗೆ ಇಂಥ ಅಪಾಯವಿಲ್ಲ.

ಸ್ಕೆಚ್ಚಿನ ಪಾಠ ಬಸ್ ನಿಲ್ದಾಣದಲ್ಲಿ ನಡೆಯುತ್ತದೆ. ಕದಲದೆ ಕೂರುವ ಮಾಡೆಲ್‌ಗೆ ದುಡ್ಡು ಕೊಡಬೇಕು. ರಾತ್ರಿ ಬಸ್ಸು ತಪ್ಪಿಸಿಕೊಂಡು ಬೆಂಚಿನ ಮೇಲೆ ಮಲಗಿದವರು ಪುಕ್ಕಟೆ ಸಿಗುತ್ತಾರೆ. ಹಾಗಾಗಿ ಕಲಾ ಕಾಲೇಜುಗಳ ಸ್ಕೆಚ್ ಪುಸ್ತಕಗಳಲ್ಲಿ ನಾಡಿನ ಜನರೆಲ್ಲ ಸದಾ ಗಾಢ ನಿದ್ರೆಯಲ್ಲಿರುತ್ತಾರೆ. ನಡುವೆ ಎಚ್ಚರವಾದವರಲ್ಲಿ ಎರಡು ಬಗೆ. ಕೆಲವರು ಚಪ್ಪಲಿ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ಉಳಿದವರು ಎದ್ದು ಬಂದು, ಚಿತ್ರ ನೋಡಿ, ‘ಮೂಗು ಇಷ್ಟು ದಪ್ಪ ಇದೆಯಾ?’ ಎಂದು ಸುತ್ತ ನಿಂತವರನ್ನೇ ಸಾಕ್ಷಿ ಕೇಳುತ್ತಾರೆ.

ಮಣ್ಣಿನ ಕೆಲಸ ಕೆಲವು ಕಾಲೇಜುಗಳಲ್ಲಿ ಶಿಲ್ಪ ವಿಭಾಗದ ಒಳಗೇ ಇರುತ್ತದೆ, ಕೆಲವು ಕಡೆ ಸೆರಾಮಿಕ್ಸ್ ಎಂಬ ಪ್ರತ್ಯೇಕ ವಿಷಯವಾಗಿರುತ್ತದೆ. ಎಲ್ಲಿದ್ದರೂ ಅದರ ಶೆಡ್ಡು ಹಿತ್ತಲಲ್ಲೇ. ಕೆಸರು, ಹೊಗೆ, ಒಡೆದ ಚೂರು ಮೂರನ್ನೂ ಕಾಲೇಜಿನ ಮುಂಬಾಗಿಲಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಕೆರೆಯಂಗಳದ ಕೆಂಪು ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟರೆ ಅದು ಹೂಕುಂಡ, ಹಣತೆಗಳ ಪರಿಚಿತ ಕೆಂಪಿಗೆ ಬರುತ್ತದೆ. 1200 ಡಿಗ್ರಿಯ ಮೇಲೆ ಸುಡುವ ಸ್ಟೋನ್‌ವೇರ್ ಮಣ್ಣು ಚೀಲದಲ್ಲಿ ಬರುತ್ತದೆ, ಬಿಲ್ಲಿನ ಸಮೇತ. ಬೆಳಗಾವಿ ಜಿಲ್ಲೆಯ ಖಾನಾಪುರದ ಮಣ್ಣಿಗೆ ಈ ಬಳಗದಲ್ಲಿ ಒಳ್ಳೆಯ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ.

ಮೊದಲ ಕೆಲಸ ಮಣ್ಣು ನಾದುವುದು. ಜೇಡಿಮಣ್ಣಿನ ಕಣಗಳು ಕಣ್ಣಿಗೆ ಕಾಣದಷ್ಟು ಚಿಕ್ಕ ಚಪ್ಪಟೆ ಬಿಲ್ಲೆಗಳು. ನಡುವೆ ನೀರು ಹೊಕ್ಕಾಗ ಅವು ಒಂದರ ಮೇಲೊಂದು ಜಾರುತ್ತವೆ. ಮಣ್ಣು ಹೇಳಿದಂತೆ ಕೇಳುವ ಗುಟ್ಟು ಇದೇ. ನಾದುವಾಗ ಸೀನಿಯರುಗಳು ತಪ್ಪದೆ ಎಚ್ಚರಿಸುತ್ತಾರೆ, ಒಳಗೆ ಗಾಳಿಗುಳ್ಳೆ ಉಳಿದರೆ ಮಡಕೆ ಆವಿಗೆಯಲ್ಲಿ ಬಾಂಬಿನಂತೆ ಸಿಡಿಯುತ್ತದೆ ಎಂದು. ಈ ಭಯದಲ್ಲಿ ಜೂನಿಯರುಗಳು ಮಣ್ಣನ್ನು ಮಧ್ಯಾಹ್ನದವರೆಗೂ ಗುದ್ದುತ್ತಾರೆ. ನಿಜವಾದ ಅಪರಾಧಿ ಗಾಳಿಯಲ್ಲ, ಆರದೆ ಉಳಿದ ನೀರು. ಆವಿಯಾಗುವಾಗ ನೀರಿನ ಗಾತ್ರ ಸುಮಾರು 1700 ಪಟ್ಟು ಹಿಗ್ಗುತ್ತದೆ; ಹೊರಗೆ ಹೋಗಲು ದಾರಿ ಸಾಲದಿದ್ದರೆ ಗೋಡೆಯನ್ನೇ ದಾರಿ ಮಾಡಿಕೊಳ್ಳುತ್ತದೆ. ಈ ವಿಷಯ ಪುಸ್ತಕದಲ್ಲಿದೆ. ಆದರೆ ಸೀನಿಯರುಗಳು ಪುಸ್ತಕ ಓದಿ ಸೀನಿಯರುಗಳಾದವರಲ್ಲ.

ಆಮೇಲೆ ತಿಗರಿ. ಕುಂಬಾರರ ಕೇರಿಯಲ್ಲಿ ಕೋಲಿನಿಂದ ತಿರುಗಿಸುತ್ತಿದ್ದ ಚಕ್ರ ಕಾಲೇಜಿನಲ್ಲಿ ಮೋಟಾರಿನ ಮೇಲೆ ಕೂತು ‘ವೀಲ್’ ಆಗಿದೆ. ಅದರ ಹಟ ಮಾತ್ರ ಹಾಗೆಯೇ ಇದೆ. ಮಣ್ಣಿನ ಮುದ್ದೆ ಚಕ್ರದ ನಟ್ಟನಡುವೆ ಕೂರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಗೋಡೆ ಎತ್ತುವಾಗ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕೊನೆಗೆ ಮುದ್ದೆ ಪಕ್ಕದವರ ಬಿಳಿ ಅಂಗಿಯ ಮೇಲೆ. ಮೊಣಕೈಯನ್ನು ತೊಡೆಗೆ ಒತ್ತಿ, ಅಂಗೈಯನ್ನು ಕದಲಿಸದೆ ಹಿಡಿದು, ಕೈ ಹೇಳಿದ್ದನ್ನು ಮಣ್ಣು ಕೇಳುವವರೆಗೆ ಕಾಯಬೇಕು. ಸೆಂಟರಿಂಗ್ ಎಂಬ ಈ ಒಂದು ಹೆಜ್ಜೆಗೆ ಕೆಲವರಿಗೆ ವಾರ ಸಾಕು, ಕೆಲವರಿಗೆ ಸೆಮಿಸ್ಟರ್ ಸಾಲದು. ಸಾಲದವರಿಗೆ ಚಕ್ರವಿಲ್ಲದೆ ಕೈಯಲ್ಲೇ ಕಟ್ಟುವ ಮೂರು ದಾರಿಗಳಿವೆ: ಮುದ್ದೆಯನ್ನು ಬೆರಳಿನಿಂದ ಹಿಸುಕಿ ಬಟ್ಟಲು ಮಾಡುವುದು, ಮಣ್ಣಿನ ಬತ್ತಿ ಹೊಸೆದು ಸುತ್ತಿ ಗೋಡೆ ಏರಿಸುವುದು, ಹಲಗೆಯಾಗಿ ತಟ್ಟಿ ಕತ್ತರಿಸಿ ಜೋಡಿಸುವುದು. ಹೀಗೆ ಮಾಡಿದ್ದನ್ನು ‘ಬೇಕೆಂದೇ ಕೈಯಲ್ಲಿ ಕಟ್ಟಿದ್ದು’ ಎಂದು ಹೇಳುವ ರೂಢಿಯಿದೆ.

ತಿಗರಿಯ ಮೇಲೆ ವಸ್ತುವಿನ ಹೆಸರು ಮೊದಲು ತೀರ್ಮಾನವಾಗುವುದಿಲ್ಲ, ಕೊನೆಗೆ ಆಗುತ್ತದೆ. ಹೂದಾನಿ ಎಂದು ಹೊರಟದ್ದರ ಕುತ್ತಿಗೆ ತಿರುಚಿಕೊಂಡರೆ ಅದನ್ನು ಕೊಯ್ದು ಲೋಟ ಮಾಡಬಹುದು. ಲೋಟದ ಬಾಯಿ ಸೀಳಿದರೆ ಬಟ್ಟಲು. ಬಟ್ಟಲು ಕುಸಿದರೆ ತಟ್ಟೆ. ತಟ್ಟೆಯ ಅಂಚೂ ಹೋದರೆ ಹಣತೆ. ಹಣತೆಯಿಂದ ಕೆಳಗೆ ಇಳಿಯಲು ಜಾಗವಿಲ್ಲದಿರುವುದರಿಂದ ಮೊದಲ ವರ್ಷದ ದೀಪಾವಳಿಗೆ ಎಲ್ಲರ ಮನೆಯಲ್ಲೂ ಹಣತೆಗಳು ಬೇಕಾದಷ್ಟು.

ಹಸಿ ಪಾತ್ರೆ ಆರುತ್ತಾ ಬಂದು ಒಂದು ಹಂತದಲ್ಲಿ ಚೆನ್ನಾಗಿ ಗಟ್ಟಿಯಾದ ಗಿಣ್ಣಿನ ಹಾಗೆ ಚಾಕುವಿನಿಂದ ನೀಟಾಗಿ ಕೊಯ್ಯಲು ಬರುತ್ತದೆ. ಶೆಡ್ಡಿನಲ್ಲಿ ಇದಕ್ಕೆ ‘ಲೆದರ್ ಹಾರ್ಡ್’ ಎನ್ನುತ್ತಾರೆ. ಬುಡ ಕೆತ್ತುವುದು, ಹಿಡಿ ಅಂಟಿಸುವುದು, ಮೈಮೇಲೆ ಗೀರುವುದು ಎಲ್ಲ ಈ ಹದದಲ್ಲೇ ಆಗಬೇಕು. ಹೆಚ್ಚು ಹಸಿಯಿದ್ದರೆ ಪಾತ್ರೆ ಜಜ್ಜಿಹೋಗುತ್ತದೆ, ಹೆಚ್ಚು ಆರಿದರೆ ಹಿಡಿ ಬುಡದಲ್ಲೇ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಈ ಹದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ದಾಟಿಹೋಗುತ್ತದೆ. ಜುಲೈನಲ್ಲಿ ಎಷ್ಟು ದಿನವಾದರೂ ಬರುವುದೇ ಇಲ್ಲ. ಆದ್ದರಿಂದ ಕಲಾ ವಿದ್ಯಾರ್ಥಿಗಳು ಪ್ಲಾಸ್ಟಿಕ್ ಕವರು, ಒದ್ದೆ ಬಟ್ಟೆಗಳನ್ನು ಎಲ್ಲಿ ಕಂಡರೂ ಎತ್ತಿಡುತ್ತಾರೆ. ಹಾಸ್ಟೆಲ್‌ನಲ್ಲಿ ಟವೆಲ್ ಕಳೆದುಕೊಂಡವರು ಮೊದಲು ಹುಡುಕಬೇಕಾದ ಜಾಗ ಸೆರಾಮಿಕ್ಸ್ ಶೆಡ್ಡು. ‘ಮಡಕೆ ಹದಕ್ಕೆ ಬಂದಿದೆ’ ಎಂದು ಹೇಳಿ ಅಕ್ಕನ ನಿಶ್ಚಿತಾರ್ಥದಿಂದ ಮಧ್ಯಾಹ್ನಕ್ಕೇ ಎದ್ದು ಬಂದವರ ಮಾತನ್ನು ಬಂಧುಗಳು ನಂಬುವುದಿಲ್ಲ. ಅದು ಅಕ್ಷರಶಃ ನಿಜವೆಂದು ಬಲ್ಲವರು ಕುಂಬಾರರು ಮಾತ್ರ.

ಮಣ್ಣು ಕುಗ್ಗುವುದು ಇನ್ನೊಂದು ಲೆಕ್ಕ. ಆರುವಾಗ ಸ್ವಲ್ಪ, ಸುಡುವಾಗ ಸ್ವಲ್ಪ, ಒಟ್ಟಿನಲ್ಲಿ ಸ್ಟೋನ್‌ವೇರ್ ಮಣ್ಣು ಶೇಕಡಾ 10ರಿಂದ 12ರಷ್ಟು ಕುಗ್ಗುತ್ತದೆ. ಸುಟ್ಟ ಮೇಲೆ ಒಂದು ಗೇಣು, ಅಂದರೆ ಸುಮಾರು 22 ಸೆಂ.ಮೀ. ಎತ್ತರದ ಜಾಡಿ ಬೇಕಾದರೆ, ಶೇಕಡಾ 12 ಕುಗ್ಗುವ ಮಣ್ಣಿನಲ್ಲಿ 25 ಸೆಂ.ಮೀ. ಕಟ್ಟಬೇಕು. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಕಲೆಗೆ ಬಂದವರನ್ನು ಗಣಿತ ಹೀಗೆ ಹಿತ್ತಲ ಶೆಡ್ಡಿನಲ್ಲಿ ಬಂದು ಹಿಡಿಯುತ್ತದೆ. ಮುಚ್ಚಳವನ್ನೂ ಜಾಡಿಯನ್ನೂ ಒಂದೇ ಮಣ್ಣಿನಲ್ಲಿ ಮಾಡಿ, ಒಟ್ಟಿಗೇ ಆರಿಸಿ, ಒಂದರ ಮೇಲೊಂದಿಟ್ಟೇ ಸುಡಬೇಕು. ಮುಚ್ಚಳವನ್ನು ‘ನಾಳೆ ಮಾಡೋಣ’ ಎಂದವರ ಜಾಡಿಗೆ ಆ ಜನ್ಮದಲ್ಲಿ ಮುಚ್ಚಳ ಕೂರುವುದಿಲ್ಲ.

ಮೊದಲ ಸುಡುವಿಕೆ 900ರಿಂದ 1000 ಡಿಗ್ರಿಯವರೆಗೆ ನಡೆಯುತ್ತದೆ. ಇದಕ್ಕೆ ಬಿಸ್ಕ್ ಫೈರಿಂಗ್ ಎಂದು ಹೆಸರು. ಹಸಿವೆಯಲ್ಲಿರುವವರು ಅದನ್ನು ಬಿಸ್ಕೆಟ್ ಎನ್ನುವುದೂ ಉಂಟು. ಆರಂಭದ ಗಂಟೆಗಳಲ್ಲಿ ಶಾಖ ಮೆಲ್ಲಗೆ ಏರಬೇಕು, ಉಳಿದ ತೇವ ಗದ್ದಲವಿಲ್ಲದೆ ಹೊರಹೋಗಬೇಕು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ತನ್ನ ರಚನೆ ಬದಲಿಸಿ ತಟಕ್ಕನೆ ಹಿಗ್ಗುತ್ತದೆ, ತಣಿಯುವಾಗ ಅದೇ ಬಿಂದುವಿನಲ್ಲಿ ಕುಗ್ಗುತ್ತದೆ. ಅವಸರ ಮಾಡಿದರೆ ಅಲ್ಲಿ ಬಿರುಕು. ಶಾಖ ಎಷ್ಟಾಯಿತೆಂದು ಹೇಳಲು ಕಿಲ್ನಿನೊಳಗೆ, ಅಂದರೆ ಆವಿಗೆಯೊಳಗೆ, ಸಣ್ಣ ಮಣ್ಣಿನ ಶಂಕುಗಳನ್ನು ಇಡುತ್ತಾರೆ. ನಿಗದಿತ ಶಾಖ ಮುಟ್ಟಿದಾಗ ಅವು ತಲೆಬಾಗುತ್ತವೆ. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ಇವಕ್ಕೊಂದು ಕ್ರಮ ತಂದ. ಅಂದಿನಿಂದ ಇಂದಿನವರೆಗೆ ಜಗತ್ತಿನ ಕುಂಬಾರಿಕೆಯ ವಿದ್ಯಾರ್ಥಿಗಳು ರಾತ್ರಿಯೆಲ್ಲ ಸರದಿಯ ಮೇಲೆ ಕಿಂಡಿಗೆ ಕಣ್ಣಿಟ್ಟು ಶಂಕು ಬಾಗಿತೇ ಎಂದು ನೋಡುತ್ತಿದ್ದಾರೆ. ಬೆಳಗಿನ ನಾಲ್ಕರ ಹೊತ್ತಿಗೆ ಶಂಕುವೂ ಕಾವಲುಗಾರನೂ ಒಟ್ಟಿಗೇ ಬಾಗುವುದು ಸಾಮಾನ್ಯ. ವಿದ್ಯುತ್ ಕಿಲ್ನ್ ಇರುವ ಕಡೆ ಕರೆಂಟು ಹೋಗುವುದೂ ಆ ಹೊತ್ತಿಗೇ.

ಸುಡಲು ಒಂದು ರಾತ್ರಿಯಾದರೆ ತಣಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇಡೀ ಪಠ್ಯಕ್ರಮದಲ್ಲಿ ಅತಿ ಕಷ್ಟದ ವಿಷಯ ಈ ಕಾಯುವಿಕೆ. ಬಾಗಿಲನ್ನು ‘ಬರೀ ಒಂದಿಂಚು’ ತೆರೆದು ನೋಡುವವನೊಬ್ಬ ಪ್ರತಿ ಬ್ಯಾಚಿನಲ್ಲೂ ಇರುತ್ತಾನೆ. ತಣ್ಣನೆ ಗಾಳಿ ಒಳಹೋಗಿ ‘ಟಿಣ್’ ಎಂದು ಶಬ್ದ ಬರುತ್ತದೆ, ಯಾರ ಪಾತ್ರೆ ಎಂಬುದು ಸಂಜೆ ತಿಳಿಯುತ್ತದೆ. ಹೊರಬಂದ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿಯಾದದ್ದು ಕಂಚಿನ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ದಬದಬ ಎನ್ನುತ್ತದೆ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ಬಾರಿಸಿದ ಲಯಕ್ಕೆ ಸಾಕ್ಷಾತ್ ಶಿವನೇ ಕುಣಿದ. ಕಾಲೇಜಿನ ಶೆಡ್ಡಿನ ನಾದಕ್ಕೆ ಇದುವರೆಗೆ ಅಷ್ಟು ದೊಡ್ಡವರು ಬಂದಿಲ್ಲ. ಲೆಕ್ಕಪತ್ರ ವಿಭಾಗದವರು ಬಂದು, ಎಷ್ಟು ಒಡೆದಿವೆ ಎಂದು ಬರೆದುಕೊಂಡು ಹೋಗುತ್ತಾರೆ.

ಮೇಲಿನ ಹೊಳಪು ಗ್ಲೇಜಿನದು. ಅದು ಪಾತ್ರೆಯ ಮೈಮೇಲೆ ಕರಗಿ ನಿಂತ ತೆಳು ಗಾಜು. ಗಾಜಾಗಲು ಸಿಲಿಕಾ, ಜಾರದೆ ನಿಲ್ಲಲು ಅಲ್ಯುಮಿನಾ, ಕಡಿಮೆ ಶಾಖದಲ್ಲಿ ಕರಗಲು ಫ್ಲಕ್ಸ್. ಬರೀ ಸಿಲಿಕಾ ಕರಗಬೇಕಾದರೆ 1700 ಡಿಗ್ರಿ ದಾಟಬೇಕು. ಬಕೆಟ್ಟಿನಲ್ಲಿ ಕಾಣುವ ಬಣ್ಣಕ್ಕೂ ಸುಟ್ಟ ಮೇಲಿನ ಬಣ್ಣಕ್ಕೂ ನಂಟಿಲ್ಲ. ತಿಳಿ ನೇರಳೆ ಕೋಬಾಲ್ಟ್ ಕಡುನೀಲಿಯಾಗಿ ಬರುತ್ತದೆ. ತಾಮ್ರ ಒಳ್ಳೆಯ ಗಾಳಿಯಲ್ಲಿ ಸುಟ್ಟರೆ ಹಸಿರು, ಗಾಳಿ ಕಟ್ಟಿ ಹೊಗೆಯಲ್ಲಿ ಸುಟ್ಟರೆ ಕೆಂಪು. ಗ್ಲೇಜು ದಪ್ಪವಾದರೆ ಇಳಿದು ಪಾತ್ರೆಯನ್ನು ಕಿಲ್ನಿನ ಹಲಗೆಗೆ ಅಂಟಿಸುತ್ತದೆ, ಪಕ್ಕದ ಪಾತ್ರೆಗೂ ಅಂಟಿಸುತ್ತದೆ. ಹೀಗೆ ಕೂಡಿಕೊಂಡ ಎರಡು ಪಾತ್ರೆಗಳನ್ನು ಬಿಡಿಸಲಾಗದೆ ‘ಬಂಧ’ ಎಂದು ಹೆಸರಿಟ್ಟು ಪ್ರದರ್ಶನಕ್ಕೆ ಇಡಲಾಗುತ್ತದೆ. ಅವೇ ಪಾತ್ರೆಗಳು ಸಾಗಿಸುವಾಗ ಒಡೆದು ಬೇರೆಯಾದರೆ ‘ವಿಚ್ಛೇದ’.

ಇಷ್ಟು ಪಾಡುಪಟ್ಟ ಮೇಲೂ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಾಲೇಜಿನಲ್ಲಿ ದೊಣ್ಣೆಯೂ ಬೇಕಿಲ್ಲ, ಗುಡಿಸುವವರ ಪೊರಕೆ ಸಾಕು. ಕರಾವಳಿಯಿಂದ ಬಂದ ವಿದ್ಯಾರ್ಥಿಗೆ ಇದರ ನೋವು ಒಂದು ತೂಕ ಹೆಚ್ಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಮಾದರಿಯ ಹೆಂಚು ತಲೆಮಾರುಗಳ ಮಳೆಗಾಲ ತಡೆದುಕೊಂಡು ಅಜ್ಜನ ಮನೆಯ ಮಾಡಿನಲ್ಲಿ ಇನ್ನೂ ಕೂತಿದೆ. ಮೊಮ್ಮಗ ಫೀಸು ಕಟ್ಟಿ ಮಾಡಿದ ಲೋಟ ಮೇಜಿನಿಂದ ಕಿಟಕಿಯವರೆಗಿನ ಪ್ರಯಾಣ ತಾಳುವುದಿಲ್ಲ.

ಇನ್ನು ಸೂರ್ಯನ ವೇಳಾಪಟ್ಟಿ. ಫೋಟೊಗ್ರಫಿ ಮುಖ್ಯವಾಗಿ ಅನ್ವಯಿಕ ಕಲೆಯವರ ವಿಷಯವಾದರೂ ಔಟಿಂಗ್ ಎಂದ ಕೂಡಲೇ ಎಲ್ಲ ವಿಭಾಗದವರಿಗೂ ಅದರಲ್ಲಿ ಆಸಕ್ತಿ ಮೂಡುತ್ತದೆ. ಪಾಠದ ಬುಡ ಮೂರು ಸಂಗತಿ: ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು, ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಐಎಸ್‌ಒ ಎಷ್ಟಿರಬೇಕು. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು. ಫಿಲ್ಮಿನ ಕಾಲದಲ್ಲಿ ‘ಸನ್ನಿ 16’ ಎಂಬ ಬಾಯಿಪಾಠವಿತ್ತು: ಚುರುಕು ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟು, 100ರ ಫಿಲ್ಮಿಗೆ ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಇಟ್ಟರೆ ಮೀಟರಿಲ್ಲದೆಯೂ ಚಿತ್ರ ಬರುತ್ತದೆ. ಇದನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವರು ಮೈದಾನದಲ್ಲಿ ಕ್ಯಾಮೆರಾವನ್ನು ‘ಆಟೊ’ದಲ್ಲಿಟ್ಟು ಸಾರ್ ಕಡೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ.

ಫಿಲ್ಮಿನ ಕಾಲದವರಿಗೆ ಒಂದು ರೋಲಿಗೆ 36 ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಫಿಲ್ಮನ್ನು ಮಿತವ್ಯಯದ ತಲೆಗಳು ನೆಚ್ಚಿಕೊಂಡಿದ್ದವು. ಒತ್ತುವ ಮೊದಲು ಕಣ್ಣು ನೋಡುತ್ತಿತ್ತು, ಜೇಬೂ ನೋಡುತ್ತಿತ್ತು. ಈಗ ಮೆಮೊರಿ ಕಾರ್ಡಿನಲ್ಲಿ ಸಾವಿರಗಟ್ಟಲೆ ಹಿಡಿಸುತ್ತದೆ. ಒಂದೇ ಎಮ್ಮೆಯ ಒಂದೇ ಭಂಗಿಯ ಎಂಬತ್ತು ಚಿತ್ರ ತಂದವರನ್ನು ಕಂಡು ಮೇಷ್ಟ್ರುಗಳು ಹಳೆಯ ಮದ್ದನ್ನೇ ಕೊಡುತ್ತಾರೆ: ಇಡೀ ದಿನಕ್ಕೆ 36 ಮಾತ್ರ, ಅಳಿಸುವಂತಿಲ್ಲ. ಅಂದು ಎಮ್ಮೆಗೂ ನೆಮ್ಮದಿ.

ಡಾರ್ಕ್ ರೂಮ್ ಉಳಿಸಿಕೊಂಡ ಕಾಲೇಜುಗಳಲ್ಲಿ ಕಪ್ಪುಬಿಳುಪಿನ ಕಾಗದಕ್ಕೆ ಕಾಣದ ಕೆಂಪು ದೀಪದಡಿ ಡೆವಲಪರ್, ಸ್ಟಾಪ್ ಬಾತ್, ಫಿಕ್ಸರ್ ಎಂಬ ಮೂರು ಟ್ರೇಗಳು. ಡೆವಲಪರ್ 20 ಡಿಗ್ರಿಯಲ್ಲಿರಬೇಕು ಎಂದು ಪುಸ್ತಕ ಹೇಳುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 40 ದಾಟಿರುತ್ತದೆ. ಟ್ರೇಯ ಸುತ್ತ ಐಸ್ ಪೇರಿಸಲು ತಂದುಕೊಂಡರೆ ಅದರಲ್ಲಿ ಅರ್ಧ ನಿಂಬೆ ಶರಬತ್ತಿಗೆ ಹೋಗುತ್ತದೆ. ಬಿಳಿ ಕಾಗದದ ಮೇಲೆ ಮುಖವೊಂದು ತಾನಾಗಿ ಮೂಡುವ ಗಳಿಗೆಗೆ ಸರಿಯಾಗಿ ಅಟೆಂಡರು ‘ಯಾರಿದ್ದೀರಿ ಒಳಗೆ?’ ಎಂದು ಬಾಗಿಲು ತೆರೆಯುವುದು ಈ ಕಲೆಯ ಹುಟ್ಟಿನಿಂದಲೂ ಬಂದ ವಾಡಿಕೆ.

ಔಟಿಂಗ್ ಬೆಳಗಿನ ಜಾವಕ್ಕೇ ಯಾಕೆ ಎಂಬುದಕ್ಕೆ ಕಾರಣವಿದೆ. ಸೂರ್ಯ ಕೆಳಗಿದ್ದಾಗ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಸಾಗಿಬರುತ್ತದೆ, ನೀಲಿ ದಾರಿಯಲ್ಲೇ ಚದುರಿ ಬೆಚ್ಚನೆಯ ಬಣ್ಣ ಉಳಿಯುತ್ತದೆ. ಓರೆ ಬೆಳಕಿನಲ್ಲಿ ಗೋಡೆಯ ಗಾರೆ, ಮುದುಕರ ಮುಖ, ಎತ್ತಿನ ಮೈ ಎಲ್ಲಕ್ಕೂ ಏರಿಳಿತ ಬರುತ್ತದೆ. ನಡುಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ಎಲ್ಲರ ಕಣ್ಣೂ ಎರಡು ಕಪ್ಪು ಗುಳಿ. ಆದ್ದರಿಂದ ನೋಟಿಸಿನಲ್ಲಿ ‘ಬೆಳಗ್ಗೆ 5ಕ್ಕೆ ಗೇಟಿನ ಮುಂದೆ’ ಎಂದಿರುತ್ತದೆ. ಐದಕ್ಕೆ ಮೇಷ್ಟ್ರು ಬರುತ್ತಾರೆ, ಐದೂವರೆಗೆ ಹುಡುಗಿಯರು, ಆರಕ್ಕೆ ಹುಡುಗರು, ಆರೂಕಾಲಿಗೆ ಕ್ಯಾಮೆರಾ ಇರುವವನು. ಅವನಿಗಾಗಿ ಎಲ್ಲರೂ ಕಾಯುತ್ತಾರೆ, ಸೂರ್ಯನೊಬ್ಬ ಕಾಯುವುದಿಲ್ಲ. ನಾಲ್ವರಿಗೆ ಒಂದು ಕ್ಯಾಮೆರಾ ಎಂಬ ಗುಂಪಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಜವಾಬ್ದಾರಿ ಯಾರದೆಂದು ಬಸ್ಸಿನಲ್ಲಿ ಚರ್ಚೆಯಾಗುತ್ತದೆ.

ಬೆಂಗಳೂರಿನವರ ಮೊದಲ ಪಾಠ ಕೃಷ್ಣರಾಜೇಂದ್ರ ಮಾರುಕಟ್ಟೆ, ಮೈಸೂರಿನವರದು ದೇವರಾಜ ಮಾರುಕಟ್ಟೆ. ಮೊದಲನೆಯದರಲ್ಲಿ ಮಹಡಿಯಿಂದ ಕೆಳಗಿನ ಸೇವಂತಿಗೆ, ಚೆಂಡುಹೂವಿನ ರಾಶಿಗಳನ್ನು ಹಿಡಿಯಬೇಕು. ಎರಡನೆಯದರಲ್ಲಿ ಗೋಪುರದಾಕಾರಕ್ಕೆ ಒಟ್ಟಿದ ಕುಂಕುಮ, ಬಣ್ಣದ ಪುಡಿಗಳನ್ನು. ಇಡೀ ತರಗತಿ ಹೋಗಿ ಬಂದ ಮೇಲೆ ಮೇಷ್ಟ್ರ ಮುಂದೆ ಅದೇ ಕುಂಕುಮದ ರಾಶಿಯ ಚಿತ್ರ ತಲೆಗೊಂದರಂತೆ ಬಂದು ಬೀಳುತ್ತದೆ. ಹೂವಿನವರು ಇವರನ್ನು ಚೆನ್ನಾಗಿ ಬಲ್ಲರು. ‘ಏನಪ್ಪಾ, ಬರೀ ಫೋಟೊನೇನಾ? ಒಂದು ಮೊಳ ಹೂವಾದ್ರೂ ತಗೋ.’ ಸಂಕೋಚಕ್ಕೆ ಎಲ್ಲರೂ ಒಂದೊಂದು ಮೊಳ ಕೊಳ್ಳುತ್ತಾರೆ. ಅಂದು ಹುಡುಗರ ಹಾಸ್ಟೆಲ್ ಸಂಜೆಯವರೆಗೂ ಮಲ್ಲಿಗೆಯ ಘಮದಲ್ಲಿರುತ್ತದೆ, ವಾರ್ಡನ್ ಅನುಮಾನದಲ್ಲಿರುತ್ತಾರೆ.

ಹಕ್ಕಿಗಳಿಗೆಂದರೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, ಇಲ್ಲವೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಮನೆಯ ಮಕ್ಕಳೆಂದೇ ನಡೆಸಿಕೊಳ್ಳುತ್ತಾರೆ. ಕಾಲೇಜಿನ ಕ್ಯಾಮೆರಾಗಳ ಜೊತೆ ಬರುವ 18-55 ಮಿ.ಮೀ. ಲೆನ್ಸಿಗೆ ಇಂಥ ಹತ್ತಿರದ ಹಕ್ಕಿಯೂ ಚುಕ್ಕಿ. ‘ಅದು ಹೆಜ್ಜಾರ್ಲೆ ಸಾರ್’ ಎಂದು ಪೆನ್ಸಿಲ್ ತುದಿಯಿಂದ ತೋರಿಸಬೇಕು. ಶೀರ್ಷಿಕೆಯಲ್ಲಿ ‘ಪರಿಸರದೊಳಗಿನ ಹಕ್ಕಿ’ ಎಂದು ಬರೆದು ಲೆನ್ಸಿನ ಬಡತನವನ್ನು ಮುಚ್ಚುವುದುಂಟು. ಅಷ್ಟರಲ್ಲಿ ಜಗುಲಿಯ ಮೇಲಿನ ಅಜ್ಜಿಯೊಬ್ಬರು ಕೇಳುತ್ತಾರೆ, ‘ಯಾವ ಪೇಪರ್ನೋರಪ್ಪ? ನಮ್ಮ ಬೀದಿ ಮೋರಿ ಕಟ್ಕೊಂಡು ತಿಂಗಳಾಯ್ತು, ಅದನ್ನೊಂದು ತೆಗೀರಿ.’ ಮೋರಿಯನ್ನೂ ತೆಗೆಯುತ್ತಾರೆ, ಚೌಕಟ್ಟಿನ ಮೂರನೇ ಒಂದು ಭಾಗದಲ್ಲಿ ಕೂರಿಸಿ. ಆ ದಿನದ ಚಿತ್ರಗಳಲ್ಲಿ ಫೋಕಸ್ ಸರಿಯಾಗಿರುವುದು ಅದೊಂದೇ, ಮೋರಿ ಹಾರುವುದಿಲ್ಲವಲ್ಲ.

ನಂದಿಬೆಟ್ಟದ ಸೂರ್ಯೋದಯಕ್ಕೆ ಹೋದವರಿಗೆ ಸಿಗುವುದು ಮಂಜು. ಬಿಳಿ ಹಾಳೆಯಂಥ ಆ ಚಿತ್ರಗಳಿಗೆ ‘ಮೌನ’ ಎಂದು ಹೆಸರು ಬೀಳುತ್ತದೆ. ಓಡುವ ಆಟೊದ ಜೊತೆ ಕ್ಯಾಮೆರಾ ತಿರುಗಿಸಿ, ಶಟರನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಟ್ಟು ಹಿಡಿದರೆ ಆಟೊ ಸ್ಪಷ್ಟವಾಗಿ, ಹಿನ್ನೆಲೆ ಗೀರುಗೀರಾಗಿ ಬರಬೇಕು. ಬರುವುದು ತಿರುವುಮುರುವು: ಆಟೊ ಮಾಯ, ಹಿಂದಿನ ಗೋಡೆಯ ‘ಇಲ್ಲಿ ಮೂತ್ರ ವಿಸರ್ಜಿಸಬಾರದು’ ಮಾತ್ರ ಸ್ಫುಟ.

ಬೆಳಕಿಗಾಗಿ ಕಾಯುವ ವಿದ್ಯೆಯಲ್ಲಿ ಕರ್ನಾಟಕದ ಹಿರಿಯರದು ದೊಡ್ಡ ಸಾಲು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಕಾಡಿನಲ್ಲಿ ಗಂಟೆಗಟ್ಟಲೆ ಅಡಗಿ ಕೂತು ಚಿತ್ರ ತೆಗೆದವರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದವರು. ಇವರ ಕತೆ ಕೇಳಿದ ವಿದ್ಯಾರ್ಥಿಗಳಿಗೆ ಕಾಯುವ ಮಹತ್ವ ತಟ್ಟನೆ ಅರ್ಥವಾಗುತ್ತದೆ. ಕಾಯುವ ಜಾಗದ ಹತ್ತಿರ ಮಸಾಲೆದೋಸೆ ಸಿಗುವುದೇ ಎಂದಷ್ಟೇ ಕೇಳುತ್ತಾರೆ.

ಮಣ್ಣಿನ ಕೆಲಸ, ಬೆಳಕಿನ ಕೆಲಸ ಎರಡೂ ಒಂದೇ ದಿನಕ್ಕೆ ಬಿದ್ದಾಗ ನಿಜವಾದ ಪೇಚು. ರಾತ್ರಿ ಕಿಲ್ನ್ ಕಾವಲು, ಬೆಳಗ್ಗೆ ಐದಕ್ಕೆ ಗೇಟು. ಅಂಥ ದಿನ ಬಸ್ಸಿನಲ್ಲಿ ನಿದ್ದೆ ಹೋದವರ ಚಿತ್ರಗಳನ್ನು ಉಳಿದವರು ತೆಗೆಯುತ್ತಾರೆ, ಸ್ಕೆಚ್ ಪುಸ್ತಕದವರು ಸ್ಕೆಚ್ ಮಾಡಿಕೊಳ್ಳುತ್ತಾರೆ. ಬಸ್ ನಿಲ್ದಾಣದ ಬೆಂಚಿನವರ ಋಣ ಹೀಗೆ ತೀರುತ್ತದೆ. ಊರಿಗೆ ಹೋದರೂ ಬಿಡುವಿಲ್ಲ. ‘ನಮ್ಮ ಹುಡುಗ ಆರ್ಟಿಸ್ಟು’ ಎಂಬ ಹೆಮ್ಮೆ ಬಂಧುಗಳಿಗೆ ಬರುವುದು ನಾಮಕರಣದ ಬ್ಯಾನರು ಬರೆಸುವಾಗ, ಗೃಹಪ್ರವೇಶದ ಫೋಟೊ ತೆಗೆಸುವಾಗ, ಚಿಕ್ಕಪ್ಪನ ಮಗಳ ವಿಜ್ಞಾನದ ಚಾರ್ಟಿಗೆ ಹೃದಯ ಬರೆಸುವಾಗ. ಸಂಭಾವನೆಯ ಮಾತು ಬಂದರೆ, ‘ನಿನಗೂ ಪ್ರಾಕ್ಟೀಸ್ ಆಗುತ್ತಲ್ಲ!’

ವರ್ಷದ ಕೊನೆಗೆ ಜ್ಯೂರಿ. ಅದಕ್ಕೂ ಮುಂಚಿನ ರಾತ್ರಿ ಗೋಡೆಗೆ ಸುಣ್ಣ, ಮೊಳೆ, ದಾರ, ಮಟ್ಟಗೋಲು. ಒಂದು ಫ್ರೇಮು ಸೊಟ್ಟಗಿದೆಯೇ ಎಂಬುದಕ್ಕೆ ಐವರಿಂದ ಆರು ಅಭಿಪ್ರಾಯ. ಮರುದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರತಿ ಕೃತಿಯ ಮುಂದೆ ನಿಂತು ‘ಯಾಕೆ?’ ಎನ್ನುತ್ತಾರೆ. ಯಾಕೆ ನೀಲಿ, ಯಾಕೆ ಇಷ್ಟು ದೊಡ್ಡದು, ಯಾಕೆ ಬಿರುಕು. ‘ಕಿಲ್ನ್ ಬಾಗಿಲು ಬೇಗ ತೆಗೆದೆವು ಸಾರ್’ ಎಂಬ ಉತ್ತರಕ್ಕಿಂತ ‘ಸ್ಪೇಸ್’, ‘ಟೆಕ್ಸ್ಚರ್’, ‘ಪ್ರಕ್ರಿಯೆ’ ಎಂಬ ಪದಗಳಿರುವ ಉತ್ತರಕ್ಕೆ ಬೆಲೆ ಜಾಸ್ತಿ ಎಂದು ಮೂರನೇ ವರ್ಷದ ಹೊತ್ತಿಗೆ ಎಲ್ಲರಿಗೂ ತಿಳಿದಿರುತ್ತದೆ. ಪರೀಕ್ಷಕರಿಗೂ ತಿಳಿದಿರುತ್ತದೆ, ಅವರೂ ಒಂದು ಕಾಲದಲ್ಲಿ ಬಾಗಿಲು ಬೇಗ ತೆಗೆದವರೇ.

ನಿಜವಾದ ಮಾರುಕಟ್ಟೆ ಜನವರಿಯ ಚಿತ್ರಸಂತೆ. ಅಂದು ಕುಮಾರಕೃಪಾ ರಸ್ತೆಯಲ್ಲಿ ವಾಹನಗಳ ಬದಲು ಚಿತ್ರಗಳು ನಿಲ್ಲುತ್ತವೆ, ನಾಡಿನ ಮೂಲೆಮೂಲೆಯ ಕಲಾವಿದರ ನಡುವೆ ವಿದ್ಯಾರ್ಥಿಗಳೂ ಕೂರುತ್ತಾರೆ. ನಾಲ್ಕು ತಿಂಗಳು ಚಿಂತನೆ ಮಾಡಿದ ದೊಡ್ಡ ಕೃತಿಯ ಮುಂದೆ ಜನ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಒಬ್ಬರು ನಿಂತು ನೋಡಿದರೆ ಅವರ ಪ್ರಶ್ನೆ, ‘ಇದೇ ಡಿಸೈನು ನಮ್ಮ ಸೋಫಾ ಕಲರ್‌ಗೆ ಹೊಂದೋ ಹಾಗೆ ಸಿಗುತ್ತಾ?’ ಪಕ್ಕದಲ್ಲಿ ಸುಮ್ಮನೆ ಇಟ್ಟಿದ್ದ ಸಣ್ಣ ಬಟ್ಟಲು, ಕಿವಿಯೋಲೆ, ಊದಿನಕಡ್ಡಿ ಸಿಕ್ಕಿಸುವ ಮಣ್ಣಿನ ಆನೆ ಮಧ್ಯಾಹ್ನದೊಳಗೆ ಖಾಲಿ. ಮುಂದಿನ ವರ್ಷ ಚಿಂತನೆ ಕಡಿಮೆಯಾಗಿ ಆನೆಗಳ ಸಂಖ್ಯೆ ಹೆಚ್ಚುತ್ತದೆ.

ಪದವಿ ಮುಗಿದವರಲ್ಲಿ ಕೆಲವರು ಶಾಲೆಯ ಡ್ರಾಯಿಂಗ್ ಮೇಷ್ಟ್ರಾಗುತ್ತಾರೆ, ಕೆಲವರು ಜಾಹೀರಾತು, ಅನಿಮೇಷನ್, ಸಿನಿಮಾ ಸೆಟ್ಟುಗಳ ಕಡೆ ಹೋಗುತ್ತಾರೆ. ಮದುವೆ ಫೋಟೊ ತೆಗೆಯುವುದಿಲ್ಲ ಎಂದು ಎರಡನೇ ವರ್ಷದಲ್ಲಿ ಶಪಥ ಮಾಡಿದವರು ಮದುವೆ ಫೋಟೊ ತೆಗೆಯುತ್ತಾರೆ, ಚೆನ್ನಾಗಿಯೇ ತೆಗೆಯುತ್ತಾರೆ. ಬೆರಳೆಣಿಕೆಯ ಕೆಲವರು ಸ್ವಂತ ಕಿಲ್ನ್ ಹಾಕಿಕೊಂಡು ಮಣ್ಣಿನಲ್ಲೇ ಉಳಿಯುತ್ತಾರೆ. ಹೊಟ್ಟೆ ತುಂಬುತ್ತಾ ಎಂಬ ಪ್ರಶ್ನೆಗೆ ಉತ್ತರ ಹೀಗೆ ಮನೆಗೊಂದು ಬಗೆ.

ಒಡೆಯದೆ ಉಳಿದ ಪಾತ್ರೆಗಳು ಊರಿನ ಮನೆ ಸೇರುತ್ತವೆ. ಅಲ್ಲಿ ಅವನ್ನು ಪರೀಕ್ಷಿಸುವವರು ಅಜ್ಜಿ, ಉಪ್ಪಿನಕಾಯಿ ಜಾಡಿಗಳ ಜೊತೆ ಜೀವಮಾನ ಕಳೆದವರು. ಶೀರ್ಷಿಕೆ ಕೇಳುವುದಿಲ್ಲ. ಗೆಣ್ಣಿನಿಂದ ತಟ್ಟಿ ನೋಡುತ್ತಾರೆ, ಮುಚ್ಚಳ ತಿರುಗಿಸಿ ಕೂರಿಸುತ್ತಾರೆ, ನೀರು ತುಂಬಿ ರಾತ್ರಿಯಿಡೀ ಕಾಗದದ ಮೇಲಿಟ್ಟು ಬುಡ ಒಸರಿತೇ ಎಂದು ಬೆಳಗ್ಗೆ ನೋಡುತ್ತಾರೆ. ಗ್ಲೇಜಿನಲ್ಲಿ ಸೀಸವಿಲ್ಲ ಎಂದು ಮೊಮ್ಮಗಳು ಮೊದಲೇ ಹೇಳಿರಬೇಕು; ಸೀಸದ ಗ್ಲೇಜನ್ನು ಹುಳಿ ಕರಗಿಸುತ್ತದೆ, ಉಪ್ಪಿನಕಾಯಿಗೆ ಅದು ವಿಷ. ಎಲ್ಲ ಸರಿಯಿದ್ದರೆ ಆ ವರ್ಷದ ಮಿಡಿ ಮಾವಿನಕಾಯಿ ಅದರೊಳಗೆ ಇಳಿಯುತ್ತದೆ. ಜ್ಯೂರಿಯಲ್ಲಿ ಅದಕ್ಕೆ ಎಷ್ಟು ಅಂಕ ಬಂದಿತ್ತೆಂದು ಆಮೇಲೆ ಯಾರೂ ವಿಚಾರಿಸುವುದಿಲ್ಲ. ಅಜ್ಜಿಯ ವಿಮರ್ಶೆ ಒಂದೇ ವಾಕ್ಯದ್ದು: ‘ಇಂಥದ್ದೇ ಇನ್ನೊಂದು ಮಾಡ್ಕೊಂಡು ಬಾ, ಗೇಣುದ್ದ ಇರ್ಲಿ.’ ಮೊಮ್ಮಗಳು ಶೆಡ್ಡಿಗೆ ಹೋಗಿ 25 ಸೆಂ.ಮೀ. ಅಳೆದುಕೊಂಡು ಕೂರುತ್ತಾಳೆ, ಈ ಸಲ ಮುಚ್ಚಳವನ್ನೂ ಅವತ್ತೇ ಮಾಡುತ್ತಾಳೆ.